ನೀರೆಲ್ಲಿ ಹೋಯ್ತು ಅಂತ ಕೇಳು

ಮಗಾ,

ಮೊನ್ನೆ ಟಿನ್ ಫ್ಯಾಕ್ಟರಿ ಬಸ್ ಸ್ಟಾಪಿನ ಹತ್ತಿರ, ಮೆಟ್ರೋ ಕಂಬದ ಪಕ್ಕದಲ್ಲಿ ನಿನ್ನ ಟ್ರ್ಯಾಕ್ಟರ್ ಬುಸುಗುಟ್ಟಿಕೊಂಡು ನಿಂತಿದ್ದನ್ನು ನೋಡಿದೆ. ಹಿಂದೆ ಐದು ಸಾವಿರ ಲೀಟರ್ ನೀರು ತುಂಬಿದ ಟ್ಯಾಂಕರ್, ಮುಂದೆ ಬಾನೆಟ್ಟಿನ ಸಂದಿಯಿಂದ ಏಳುತ್ತಿದ್ದ ಹಬೆ. ನೀನು ಒಂದು ಕೈಯಲ್ಲಿ ತಣ್ಣೀರಿನ ಬಾಟಲಿ ಹಿಡಿದು ಇನ್ನೊಂದು ಕೈಯಿಂದ ರೇಡಿಯೇಟರ್ ಕ್ಯಾಪಿಗೆ ಬಟ್ಟೆ ಸುತ್ತುತ್ತಿದ್ದೆ. ಓಡಿ ಬಂದು ನಿನ್ನ ಕೈ ಹಿಡಿದುಕೊಂಡೆ. "ಬಿಡು ತಾತ, ಹಿಂದೆ ಹಾರ್ನ್ ಹೊಡೀತಾವ್ರೆ" ಅಂತ ನೀನು ಅಂದೆ. ನಾನು ಬಿಡಲಿಲ್ಲ. ನಿನಗೆ ಸಿಟ್ಟು ಬಂದದ್ದೂ ಗೊತ್ತಾಯಿತು. ಈಗ ಇಂಜಿನ್ನೂ ಆರಿದೆ, ನಿನ್ನ ಸಿಟ್ಟೂ ಆರಿರಬೇಕು. ಅದಕ್ಕೇ ಕೂರಿಸಿಕೊಂಡು ನಾಲ್ಕು ಮಾತು ಹೇಳುತ್ತಿದ್ದೇನೆ.

ಆ ಟ್ರ್ಯಾಕ್ಟರ್ ನಿಮ್ಮ ತಾತ ಕೊಂಡದ್ದು. ಮೂರು ಸಿಲಿಂಡರಿನ ಮ್ಯಾಸಿ 1035. ಹೊಸಕೋಟೆ ಕಡೆಯ ಹೊಲದಲ್ಲಿ ರಾಗಿಗೆ ಉತ್ತು, ಸುಗ್ಗಿಯಲ್ಲಿ ಕಣಕ್ಕೆ ಹುಲ್ಲು ಹೊತ್ತು, ಸುತ್ತಲಿನ ನಾಲ್ಕು ಊರಿಗೆ ಬಾಡಿಗೆಗೆ ದುಡಿದ ಗಾಡಿ. ಹೊಲ ಲೇಔಟ್ ಆಯಿತು, ನಿಮ್ಮ ತಾತ ಹೋದ, ಗಾಡಿ ನಿನ್ನ ಪಾಲಿಗೆ ಬಂತು. ಈಗ ಅದು ಮಹದೇವಪುರದ ಅಪಾರ್ಟ್‌ಮೆಂಟುಗಳಿಗೆ ನೀರು ಹೊರುತ್ತೆ. ಊರಿಗೆಲ್ಲ ನೀರು ಹೊರುವ ಗಾಡಿ ತನ್ನ ಹೊಟ್ಟೆಗೆ ಬೇಕಾದ ಹತ್ತು ಲೀಟರ್ ಇಲ್ಲದೆ ಬೀದಿಯಲ್ಲಿ ನಿಂತದ್ದು ನೋಡಿ ನನ್ನ ಕರುಳು ಚುರುಕ್ಕೆಂದಿತು.

"ಟ್ರಾಫಿಕ್ಕಲ್ಲಿ ನಿಂತೂ ನಿಂತೂ ಹೀಟ್ ಆಯ್ತು" ಅಂತ ನೀನು ಅಂದೆ. ಅಲ್ಲಿಂದಲೇ ಶುರು ಮಾಡೋಣ.

ಕಾರಿಗೆ ಆ ಮಾತು ಸ್ವಲ್ಪ ಒಪ್ಪುತ್ತೆ. ಓಡುವಾಗ ಎದುರಿಂದ ಬರುವ ಗಾಳಿಯೇ ಕಾರಿನ ರೇಡಿಯೇಟರ್ ತಣಿಸುತ್ತೆ, ನಿಂತರೆ ಆ ಗಾಳಿ ಇಲ್ಲ. ಟ್ರ್ಯಾಕ್ಟರ್ ಮಾಡಿದವರು ಎದುರುಗಾಳಿಯನ್ನು ನೆಚ್ಚಿಕೊಂಡವರೇ ಅಲ್ಲ. ಏಪ್ರಿಲ್ ಬಿಸಿಲಲ್ಲಿ, ಮನುಷ್ಯ ನಡೆಯುವಷ್ಟೇ ವೇಗದಲ್ಲಿ, ಪೂರ್ತಿ ಭಾರ ಎಳೆಯುತ್ತ ದಿನವಿಡೀ ಉಳಬೇಕಾದ ಯಂತ್ರ ಅದು. ಅದಕ್ಕೇ ಅಷ್ಟಗಲದ ಫ್ಯಾನು, ಎತ್ತರದ ರೇಡಿಯೇಟರು, ಗಾಳಿ ಪಕ್ಕಕ್ಕೆ ಸೋರದ ಹಾಗೆ ಫ್ಯಾನ್ ಸುತ್ತ ತಗಡಿನ ಬಳೆ. ಜಾಮಿನಲ್ಲಿ ನಿಂತಾಗ ಇಂಜಿನ್ ಐಡಲಿಂಗಿನಲ್ಲಿರುತ್ತೆ, ಸುಡುವ ಡೀಸೆಲ್ಲೂ ಕಡಿಮೆ, ಹುಟ್ಟುವ ಶಾಖವೂ ಕಡಿಮೆ. ಆರೋಗ್ಯವಾಗಿರುವ ಟ್ರ್ಯಾಕ್ಟರ್ ಟಿನ್ ಫ್ಯಾಕ್ಟರಿ ಜಾಮಿನಲ್ಲಿ ಒಂದು ಗಂಟೆ ನಿಂತರೂ ಕುದಿಯಬಾರದು. ಕುದಿಯಿತು ಅಂದರೆ ಒಳಗೆ ಮೊದಲೇ ರೋಗ ಇತ್ತು, ಜಾಮು ಅದನ್ನು ತೋರಿಸಿಕೊಟ್ಟಿತು ಅಷ್ಟೆ.

ರೋಗ ಗೊತ್ತಾಗಬೇಕಾದರೆ ಮೈ ಹೇಗೆ ನಡೆಯುತ್ತೆ ಅಂತ ಗೊತ್ತಿರಬೇಕು. ನೀನು ಸುರಿಯುವ ಡೀಸೆಲ್ ಉರಿದು ಹುಟ್ಟುವ ಶಾಖದಲ್ಲಿ ಸುಮಾರು ಮೂರರಲ್ಲಿ ಒಂದು ಪಾಲು ಕೆಲಸಕ್ಕೆ ಆಗುತ್ತೆ, ಇನ್ನೊಂದು ಪಾಲು ಸೈಲೆನ್ಸರಿನಿಂದ ಹೊಗೆಯ ಜೊತೆ ಹೋಗುತ್ತೆ. ಉಳಿದದ್ದು ಸಿಲಿಂಡರ್, ಹೆಡ್ಡು, ಪಿಸ್ಟನ್ನಿನ ಮೈಗೆ ಹತ್ತುತ್ತೆ. ಅದನ್ನು ಅಲ್ಲಿಂದ ಹೊತ್ತು ಹೊರಗೆ ಹಾಕುವವರು ಯಾರಾದರೂ ಬೇಕು. ಆ ಕೂಲಿಯಾಳೇ ನೀರು. ಸಿಲಿಂಡರಿನ ಸುತ್ತ ಇರುವ ವಾಟರ್ ಜಾಕೆಟ್ಟಿನಲ್ಲಿ ಶಾಖ ತುಂಬಿಕೊಂಡು, ಮೇಲಿನ ಹೋಸ್ ಪೈಪಿನಿಂದ ರೇಡಿಯೇಟರಿಗೆ ಬಂದು, ಸಣ್ಣ ಸಣ್ಣ ಟ್ಯೂಬುಗಳಲ್ಲಿ ಇಳಿಯುತ್ತ ಗಾಳಿಗೆ ಹೊರೆ ಕೊಟ್ಟು, ತಣ್ಣಗಾಗಿ ಕೆಳಗಿನ ಪೈಪಿನಿಂದ ಮತ್ತೆ ಇಂಜಿನ್ನಿಗೆ ಹೋಗುತ್ತೆ. ಕೆ.ಆರ್. ಪುರಂ ಲೋಕೋ ಶೆಡ್ಡಿಗೆ ಬರುವ ರೈಲಿನ ಡೀಸೆಲ್ ಇಂಜಿನ್ನಿಗೂ ಇದೇ ಶಾಸ್ತ್ರ, ನಿನ್ನ ಮ್ಯಾಸಿಗೂ ಇದೇ.

ಹಳೇ ಕಾಲದ ಟ್ರ್ಯಾಕ್ಟರುಗಳಲ್ಲಿ ನೀರು ತಿರುಗಿಸಲು ಪಂಪೇ ಇರಲಿಲ್ಲ. 1917ರಲ್ಲಿ ಬಂದ ಫೋರ್ಡ್‌ಸನ್ ಮಾಡೆಲ್ ಎಫ್, ಆಮೇಲೆ ಜಾನ್ ಡಿಯರ್ ಕಂಪನಿಯ ಎರಡು ಸಿಲಿಂಡರಿನ ಎ ಮತ್ತು ಬಿ ಮಾಡೆಲ್‌ಗಳು ಪಂಪಿಲ್ಲದೆ ನಡೆದವು. ಅದು ಹೇಗೆ ಅಂತ ತಿಳಿಯಬೇಕಾದರೆ ಯಾವುದಾದರೂ ಮನೆಯ ಮಾಳಿಗೆ ಮೇಲಿನ ಸೋಲಾರ್ ವಾಟರ್ ಹೀಟರ್ ನೋಡು. ಪ್ಯಾನಲ್ ಕೆಳಗೆ, ಟ್ಯಾಂಕ್ ಮೇಲೆ. ಬಿಸಿಯಾದ ನೀರು ಹಗುರಾಗಿ ತಾನೇ ಮೇಲಕ್ಕೇರುತ್ತೆ, ತಣ್ಣೀರು ಭಾರವಾಗಿ ತಾನೇ ಕೆಳಗಿಳಿಯುತ್ತೆ. ಇದಕ್ಕೆ ಥರ್ಮೋಸೈಫನ್ ಅನ್ನುತ್ತಾರೆ. ಆದರೆ ಇದರಲ್ಲೊಂದು ಕಟ್ಟಳೆ ಇದೆ, ಚೆನ್ನಾಗಿ ನೆನಪಿಟ್ಟುಕೋ. ರೇಡಿಯೇಟರಿನ ನೀರು ಮೇಲಿನ ಪೈಪಿನ ಬಾಯಿಗಿಂತ ಒಂದಿಷ್ಟು ಇಳಿದರೂ ಸಾಕು, ಸುತ್ತು ಕಡಿದುಹೋಗುತ್ತೆ. ಇಂಜಿನ್ ತುಂಬ ನೀರಿದ್ದರೂ ಅದು ನಿಂತಲ್ಲೇ ಕುದಿಯುತ್ತೆ. ಎರಡು ಚೊಂಬು ಕಡಿಮೆಯಾದರೆ ಎರಡು ಚೊಂಬಿನಷ್ಟೇ ನಷ್ಟ ಅಂತ ಎಣಿಸಬೇಡ. ಅಲ್ಲಿ ಇಡೀ ಯಂತ್ರವೇ ನಷ್ಟ.

ನಿನ್ನ ಗಾಡಿಗೆ ಪಂಪಿದೆ. ಪಂಪು ಅಷ್ಟು ಬೇಗ ಕೈ ಬಿಡುವುದಿಲ್ಲ, ಒತ್ತಿ ಒತ್ತಿ ನೀರು ತಿರುಗಿಸುತ್ತೆ. ಆ ಧೈರ್ಯದಿಂದಲೇ ನಿನ್ನ ಕಾಲದವರು ಕ್ಯಾಪ್ ತೆಗೆದು ನೋಡುವುದನ್ನೇ ಮರೆತಿರುವುದು.

ನೀರಿನ ತಂಪು ಬೇಕಾದದ್ದು ಟ್ರ್ಯಾಕ್ಟರಿಗೆ ಮಾತ್ರ ಅಲ್ಲ. ಟಿನ್ ಫ್ಯಾಕ್ಟರಿಯಿಂದ ವೈಟ್‌ಫೀಲ್ಡ್ ರಸ್ತೆಗೆ ತಿರುಗಿದರೆ ಮಹದೇವಪುರ. ಜಪಾನಿನ ಮಿತ್ಸುಬಿಷಿ ಜೊತೆಗೂಡಿ 1967ರಲ್ಲಿ ಶುರುವಾದ ವಿಎಸ್‌ಟಿ ಟಿಲ್ಲರ್ಸ್ ಪವರ್ ಟಿಲ್ಲರುಗಳು ಅಲ್ಲೇ ತಯಾರಾಗಿ ಗದ್ದೆಗಳಿಗೆ ಹೋದವು. ಅಡ್ಡ ಮಲಗಿಸಿದ ಒಂದೇ ಸಿಲಿಂಡರು, ಅದಕ್ಕೂ ನೀರಿನ ತಂಪು. ಇನ್ನೂ ಹಳೆಯ ಒಂಟಿ ಸಿಲಿಂಡರ್ ಇಂಜಿನ್ನುಗಳಲ್ಲಿ ರೇಡಿಯೇಟರೂ ಇರುತ್ತಿರಲಿಲ್ಲ. ತಲೆಯ ಮೇಲೆ ಒಂದು ತೊಟ್ಟಿ, ಅದರಲ್ಲಿ ನೀರು, ನೀರು ಕುದಿಯುತ್ತಲೇ ಇರುತ್ತೆ. ಅದು ಹಾಗೆ ಕುದಿಯಬೇಕಾದ್ದೇ. ಒಂದು ಲೀಟರ್ ನೀರನ್ನು ತಣ್ಣಗಿರುವಲ್ಲಿಂದ ಕುದಿಯುವವರೆಗೆ ಕಾಯಿಸಲು ಎಷ್ಟು ಶಾಖ ಬೇಕೋ, ಕುದಿಯುವ ಆ ನೀರನ್ನು ಪೂರಾ ಆವಿ ಮಾಡಲು ಅದರ ಸುಮಾರು ಏಳು ಪಟ್ಟು ಬೇಕು. ಆವಿ ಅಷ್ಟು ಶಾಖವನ್ನು ಹೊತ್ತುಕೊಂಡು ಹೋಗುತ್ತೆ. ಅಂಥ ಇಂಜಿನ್ ಇಟ್ಟುಕೊಂಡವನ ಕೈಯಲ್ಲಿ ಬಿಂದಿಗೆ ಇರಲೇಬೇಕಿತ್ತು.

ನೀರೇ ಬೇಡದ ಟ್ರ್ಯಾಕ್ಟರೂ ಇತ್ತು. 1959ರ ಏಪ್ರಿಲ್ 24ರಂದು ಫರೀದಾಬಾದಿನಿಂದ ಹೊರಬಂದ ಐಷರ್ ಗಾಳಿಯಿಂದಲೇ ತಣಿಯುತ್ತಿತ್ತು. ಸಿಲಿಂಡರಿನ ಮೈತುಂಬ ಬೀಡಿನ ರೆಕ್ಕೆಗಳು, ಅವುಗಳ ನಡುವೆ ನುಗ್ಗುವ ಗಾಳಿ. ಬಾವಿ ಬತ್ತಿದ ಊರಿನವರಿಗೆ ಅದೊಂದು ವರವೇ. ಆದರೆ ರೆಕ್ಕೆಗಳ ನಡುವೆ ಹೊಟ್ಟು, ಧೂಳು, ಎಣ್ಣೆ ಜಿಡ್ಡು ಕೂತರೆ ಅದೂ ಸುಟ್ಟುಕೊಳ್ಳುತ್ತಿತ್ತು. ನೀರಿಗಾಗಲಿ ಗಾಳಿಗಾಗಲಿ, ಶಾಖ ಹೊರಗೆ ಹೋಗುವ ದಾರಿಯನ್ನು ಯಾರಾದರೂ ದಿನಾ ಗುಡಿಸಿ ಇಡಬೇಕು.

ಈಗ ಕ್ಯಾಪಿನ ಮಾತಿಗೆ ಬರುತ್ತೇನೆ. ಮೊನ್ನೆ ನಿನ್ನ ಕೈ ಹಿಡಿದದ್ದು ಇದಕ್ಕೇ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದಲ್ಲಿದೆ, ಇಲ್ಲಿ ತೆರೆದ ಪಾತ್ರೆಯ ನೀರು 97 ಡಿಗ್ರಿಗೇ ಕುದಿಯುತ್ತೆ. ರೇಡಿಯೇಟರ್ ಕ್ಯಾಪಿನ ಸ್ಪ್ರಿಂಗ್ ಕುಕ್ಕರಿನ ವೆಯಿಟ್ ಇದ್ದ ಹಾಗೆ. 7 ಪೌಂಡಿನ ಕ್ಯಾಪ್ ಹಾಕಿದರೆ ಒಳಗಿನ ನೀರು ಸುಮಾರು 109 ಡಿಗ್ರಿವರೆಗೂ ಕುದಿಯದೆ ತಡೆದುಕೊಳ್ಳುತ್ತೆ. ಆ ಹೊತ್ತಿನಲ್ಲಿ ನೀನು ಕ್ಯಾಪ್ ತಿರುಗಿಸಿದರೆ ಒತ್ತಡ ಒಂದೇ ಏಟಿಗೆ ಇಳಿದು, ಅಷ್ಟೂ ನೀರು ತಟ್ಟನೆ ಕುದಿದು ಮುಖಕ್ಕೆ ಎರಚುತ್ತೆ. ನಿನ್ನ ಒಂದು ಸುತ್ತು ಬಟ್ಟೆ ಏನನ್ನೂ ತಡೆಯುವುದಿಲ್ಲ. ಕಣ್ಣು ಹೋದರೆ ಯಾವ ರಿಪೇರಿಯೂ ಇಲ್ಲ ಮಗಾ. ಮೇಲಿನ ಪೈಪನ್ನು ಬರಿಗೈಯಲ್ಲಿ ಒತ್ತಿ ಹಿಡಿಯುವಷ್ಟು ಆರುವವರೆಗೆ ಕ್ಯಾಪ್ ಮುಟ್ಟಬೇಡ. ಹಾಗೇ ಹಳೇ ರೇಡಿಯೇಟರಿಗೆ ಹೊಸ ಕಾರಿನ ಜೋರು ಸ್ಪ್ರಿಂಗಿನ ಕ್ಯಾಪ್ ಹಾಕಲೂ ಬೇಡ. ಹಳೇ ಬೆಸುಗೆ ಆ ಒತ್ತಡ ತಡೆಯದೆ ಬಾಯಿ ಬಿಡುತ್ತೆ.

ಬಾಟಲಿಯ ತಣ್ಣೀರನ್ನೂ ಯಾಕೆ ಸುರಿಯಲು ಬಿಡಲಿಲ್ಲ ಅಂತ ಹೇಳಬೇಕು. ಇದು ನನ್ನ ತಪ್ಪಿನ ಕತೆ.

ನನಗಾಗ ಇಪ್ಪತ್ತೆರಡು ವರ್ಷ. ಶಿವಾಜಿನಗರದಲ್ಲಿ ಒಬ್ಬ ಉಸ್ತಾದರ ಹತ್ತಿರ ರೇಡಿಯೇಟರ್ ಕೆಲಸ ಕಲಿಯುತ್ತಿದ್ದೆ. ಮಾಲೂರು ಕಡೆಯ ರೈತರೊಬ್ಬರು ಟ್ರ್ಯಾಕ್ಟರ್ ತಂದರು, ಕುದಿಯುತ್ತಲೇ ಬಂದಿತ್ತು. ಉಸ್ತಾದರು ನಮಾಜಿಗೆ ಹೋಗಿದ್ದರು. ನನ್ನ ಜಾಣತನ ತೋರಿಸುವ ಹೊತ್ತು ಬಂತೆಂದು ನಾನು ಒಂದು ಬಕೆಟ್ ತಣ್ಣೀರು ತಂದು ಸುರಿದೆ. ಒಳಗೆ ಟಣ್ ಅಂತ ಒಂದು ಸಣ್ಣ ಸದ್ದು. ಅಷ್ಟೇ. ಕಾದ ಬೀಡಿಗೆ ಒಂದೇ ಕಡೆ ತಣ್ಣೀರು ತಗುಲಿ ಆ ಭಾಗ ಮಾತ್ರ ಕುಗ್ಗಿ, ಹೆಡ್ಡು ಎರಡು ವಾಲ್ವುಗಳ ನಡುವೆ ಸೀಳಿತ್ತು. ಮಳೆ ಬಿದ್ದು ಹೊಲ ಹದವಾಗಿದ್ದ ದಿನಗಳು ಅವು. ಹೆಡ್ಡು ಬದಲಾಯಿಸಿ ಗಾಡಿ ಹೊರಡುವಷ್ಟರಲ್ಲಿ ಆ ರೈತರ ಬಿತ್ತನೆಯ ಹದ ಮುಗಿದೇ ಹೋಗಿತ್ತು. ಅವರು ಒಂದು ಕೆಟ್ಟ ಮಾತೂ ಆಡದೆ, ಅಂಗಡಿ ಮುಂದಿನ ಕಟ್ಟೆ ಮೇಲೆ ಟವಲ್ ಹಾಸಿಕೊಂಡು ಎರಡು ರಾತ್ರಿ ಮಲಗಿದರು. ಆ ಟವಲಿನ ಕೆಂಪು ಅಂಚು ನನಗಿನ್ನೂ ಕಣ್ಣಿಗೆ ಕಟ್ಟಿದೆ.

ಉಸ್ತಾದರು ಹೆಡ್ಡಿನ ದುಡ್ಡನ್ನು ತಾವೇ ಕೊಟ್ಟರು. ನನ್ನನ್ನು ಬೈಯಲಿಲ್ಲ. "ನೀರು ಯಾಕೆ ಹಾಕಿದೆ?" ಅಂದರು. "ನೀರಿರಲಿಲ್ಲ, ಅದಕ್ಕೆ" ಅಂದೆ. ಅವರು ನನ್ನ ಮುಖವನ್ನೇ ನೋಡಿ ಕೇಳಿದರು: "ಪಾನಿ ಕಾಂ ಗಯಾ?" ಇದ್ದ ನೀರು ಎಲ್ಲಿ ಹೋಯಿತು? ನನ್ನಲ್ಲಿ ಉತ್ತರ ಇರಲಿಲ್ಲ. ಆಮೇಲೆ ಎಷ್ಟೋ ದಿನ ಯಾವ ಗಾಡಿ ಬಂದರೂ ಆ ಪ್ರಶ್ನೆಗೆ ಉತ್ತರ ಹೇಳದೆ ಪಾನಾ ಮುಟ್ಟಲು ಬಿಡಲಿಲ್ಲ.

ಅವರು ಕಲಿಸಿದ್ದೆಲ್ಲ ಆ ಒಂದು ಪ್ರಶ್ನೆಯಲ್ಲಿದೆ. ನೀರು ಸುರಿಯುವುದು ಯಾರಿಗಾದರೂ ಬರುತ್ತೆ. ಹೋದ ನೀರಿನ ದಾರಿ ಹಿಡಿದು ಹೋಗುವುದು ಕಲಿ. ಇಂಜಿನ್ನಿನಿಂದ ನೀರು ಹೋಗುವ ದಾರಿಗಳು ಬೆರಳೆಣಿಕೆಯಷ್ಟೇ ಇವೆ.

ಮೊದಲು ನೆಲ ನೋಡು. ರಾತ್ರಿ ಗಾಡಿ ನಿಂತ ಜಾಗದಲ್ಲಿ ಬೆಳಗ್ಗೆ ಒದ್ದೆ ಇದೆಯೇ? ರೇಡಿಯೇಟರಿನ ಕೆಳಗೋ, ಪೈಪಿನ ಕ್ಲಿಪ್ಪಿನ ಕೆಳಗೋ, ಪಂಪಿನ ಕೆಳಗೋ? ವಾಟರ್ ಪಂಪಿನ ಹೊಟ್ಟೆಯ ಕೆಳಗೆ ಒಂದು ಸಣ್ಣ ತೂತು ಇರುತ್ತೆ. ಸೀಲ್ ಹೋಯಿತೆಂದು ಹೇಳುವುದಕ್ಕೇ ಇಟ್ಟ ತೂತು ಅದು. ಅಲ್ಲಿಂದ ಹನಿ ಬಿದ್ದರೆ ಎಂಸೀಲ್ ಮೆತ್ತಿ ಮುಚ್ಚುವವರಿದ್ದಾರೆ. ಮುಚ್ಚಿದರೆ ನೀರು ಬೇರಿಂಗಿಗೆ ಇಳಿಯುತ್ತೆ. ಒಂದು ದಿನ ಪಂಪಿನ ಶಾಫ್ಟು ಫ್ಯಾನಿನ ಸಮೇತ ಮುಂದಕ್ಕೆ ಬಂದು ರೇಡಿಯೇಟರನ್ನೇ ಕೊರೆದುಬಿಡುತ್ತೆ.

ನೆಲ ಒಣಗಿದ್ದರೆ ಆಯಿಲ್ ಕಡ್ಡಿ ಎತ್ತು. ಆಯಿಲ್ ಕಪ್ಪಗಿರಬೇಕು. ಹಾಲು ಹಾಕಿದ ಕಾಫಿಯ ಬಣ್ಣಕ್ಕೆ ತಿರುಗಿದ್ದರೆ ನೀರು ಒಳಗೊಳಗೇ ಚೇಂಬರಿಗೆ ಇಳಿಯುತ್ತಿದೆ. ಅಂಥ ಗಾಡಿಯನ್ನು ಒಂದು ಹೆಜ್ಜೆಯೂ ಓಡಿಸಬೇಡ, ಬೇರಿಂಗುಗಳು ಹೋಗುತ್ತವೆ.

ಆಯಿಲ್ಲೂ ಸರಿ ಇದ್ದರೆ, ಇಂಜಿನ್ ತಣ್ಣಗಿರುವಾಗಲೇ ಕ್ಯಾಪ್ ತೆಗೆದಿಟ್ಟು ಸ್ಟಾರ್ಟ್ ಮಾಡಿ ನೀರಿನ ಮುಖ ನೋಡು. ಗುಳುಗುಳು ಅಂತ ಗುಳ್ಳೆ ನಿಲ್ಲದೆ ಬರುತ್ತಿದ್ದರೆ ಹೆಡ್ ಗ್ಯಾಸ್ಕೆಟ್ ಬಿಟ್ಟಿದೆ, ಸಿಲಿಂಡರಿನ ಗಾಳಿ ನೀರಿಗೆ ನುಗ್ಗುತ್ತಿದೆ. ಇಂಜಿನ್ ಪೂರಾ ಕಾದ ಮೇಲೂ ಸೈಲೆನ್ಸರಿನಲ್ಲಿ ಬಿಳಿ ಆವಿ ನಿಲ್ಲದಿದ್ದರೆ ನೀರು ಆ ದಾರಿಯಲ್ಲಿ ಹೋಗುತ್ತಿದೆ.

ನೀರು ಎಲ್ಲೂ ಹೋಗದೆ, ತುಂಬಿದ್ದೂ ಕುದಿಯುತ್ತಿದ್ದರೆ, ನೀರು ತಿರುಗುತ್ತಿಲ್ಲ ಅಥವಾ ಗಾಳಿ ಸಿಗುತ್ತಿಲ್ಲ. ಫ್ಯಾನ್ ಬೆಲ್ಟನ್ನು ನಡುವೆ ಹೆಬ್ಬೆರಳಿನಿಂದ ಒತ್ತು. ಅರ್ಧ ಇಂಚು, ಹೆಚ್ಚೆಂದರೆ ಮುಕ್ಕಾಲು ಇಂಚು ಬಗ್ಗಬೇಕು. ಅದಕ್ಕಿಂತ ಸಡಿಲವಾದರೆ ಜಾರುತ್ತೆ. ರೇಡಿಯೇಟರಿನ ಮುಂದೆ ಟಾರ್ಚ್ ಹಿಡಿದು ಹಿಂದಿನಿಂದ ನೋಡು, ಬೆಳಕು ಕಾಣಬೇಕು. ಧೂಳು, ಹುಳ, ಹೊಟ್ಟು ಮುಚ್ಚಿದ್ದರೆ ಫ್ಯಾನಿನ ಕಡೆಯಿಂದ ಮುಂದಕ್ಕೆ ನೀರು ಬಿಡು. ಕಸ ಬಂದ ದಾರಿಯಲ್ಲೇ ಹೊರಗೆ ಹೋಗಬೇಕು. ಮುಂದಿನಿಂದ ಜೋರಾಗಿ ಹೊಡೆದರೆ ಇನ್ನೂ ಒಳಗೆ ಕೂರುತ್ತೆ, ಫಿನ್‌ಗಳೂ ಮಲಗುತ್ತವೆ.

ಇಷ್ಟೆಲ್ಲ ಸರಿ ಇದ್ದೂ ಕುದಿದರೆ ಒಳಗಿನ ಕಲ್ಲು. ಮೊನ್ನೆ ನಿನ್ನ ರೇಡಿಯೇಟರ್ ಬಿಚ್ಚಿದಾಗ ನೋಡಿದೆಯಲ್ಲ, ಬ್ಲೋ ಲ್ಯಾಂಪ್ ಬೆಂಕಿ ತೋರಿಸಿ ಮೇಲಿನ ಟ್ಯಾಂಕ್ ಎತ್ತಿದೆ. ತವರ ಸೀಸ ಬೆರೆತ ಬೆಸುಗೆ 183 ಡಿಗ್ರಿಗೇ ಕರಗತೊಡಗುತ್ತೆ, ತಾಮ್ರ ಕರಗಲು ಸಾವಿರ ಡಿಗ್ರಿ ದಾಟಬೇಕು. ಅದಕ್ಕೇ ತಾಮ್ರಕ್ಕೆ ನೋವಾಗದ ಹಾಗೆ ಬೆಸುಗೆ ಬಿಚ್ಚಿ ಮತ್ತೆ ಹಾಕಬಹುದು. ಟಿನ್ ಅಂದರೂ ತವರವೇ. ಟಿನ್ ಫ್ಯಾಕ್ಟರಿ ಅನ್ನುವ ಹೆಸರು ಕಿವಿಗೆ ಬಿದ್ದಾಗಲೆಲ್ಲ ನನಗೆ ನಮ್ಮ ಬೆಸುಗೆ ಕಡ್ಡಿಯೇ ನೆನಪಾಗುತ್ತೆ. ಟ್ಯಾಂಕ್ ಎತ್ತಿದ ಮೇಲೆ ಕಂಡದ್ದೇನು? ಸಾಲು ಸಾಲು ಟ್ಯೂಬುಗಳ ಬಾಯಿ, ಅದರಲ್ಲಿ ಅರ್ಧಕ್ಕರ್ಧ ಬಿಳಿ ಕಲ್ಲು ಕಟ್ಟಿ ಮುಚ್ಚಿಹೋಗಿದ್ದವು. ತಗಡಿನ ಪಟ್ಟಿ ತೂರಿಸಿ ಒಂದೊಂದನ್ನೇ ತಿವಿದಾಗ ಸುಣ್ಣದಂಥ ಪುಡಿ ಉದುರಿತು. ಅದರ ಜೊತೆ ಹಳದಿ ಗಸಿಯೂ ಬಂತು. ಅದು ಯಾರೋ ಲೀಕ್ ನಿಲ್ಲಿಸಲು ಸುರಿದ ಅರಿಶಿನ ಪುಡಿ. ದಾರಿಯಲ್ಲಿ ಸಿಕ್ಕಿಹಾಕಿಕೊಂಡು ಊರು ಸೇರಬೇಕಾದವನಿಗೆ ಅರಿಶಿನ ಒಂದು ದಿನದ ಉಪಾಯ. ಊರು ಸೇರಿದ ಮೇಲೂ ಅದನ್ನೇ ರಿಪೇರಿ ಅಂತ ನಂಬಿದರೆ ಅದೇ ಟ್ಯೂಬಿನ ಗಂಟಲು ಕಟ್ಟುತ್ತೆ.

ಆ ಬಿಳಿ ಕಲ್ಲು ಬಂದದ್ದು ನಿನ್ನ ಟ್ಯಾಂಕರಿನ ನೀರಿನಿಂದಲೇ. ನಿಮ್ಮ ಅಜ್ಜಿ ಬಚ್ಚಲ ಹಂಡೆಯ ಒಳಗಿಂದ ಕೆರೆದು ತೆಗೆಯುತ್ತಿದ್ದ ಪದರ ಇದೇ. ಆಳದ ಬೋರ್‌ವೆಲ್ಲಿನ ಗಡುಸು ನೀರು ಕಾದಾಗಲೆಲ್ಲ ಒಂದೊಂದು ಪದರ ಬಿಟ್ಟು ಹೋಗುತ್ತೆ. ಕಬ್ಬಿಣ ಶಾಖವನ್ನು ಬೇಗ ದಾಟಿಸುತ್ತೆ, ಈ ಕಲ್ಲು ಕಂಬಳಿ ಹೊದಿಸಿದ ಹಾಗೆ ತಡೆಯುತ್ತೆ. ಹಿಂದೆ ಐದು ಸಾವಿರ ಲೀಟರ್ ಇದೆಯಲ್ಲ ಅಂತ ಟ್ಯಾಂಕರಿನ ನಲ್ಲಿ ತಿರುಗಿಸಿ ರೇಡಿಯೇಟರಿಗೆ ತುಂಬುವುದನ್ನು ಇವತ್ತಿಗೇ ಬಿಡು. ಖನಿಜ ತೆಗೆದ ಡಿಸ್ಟಿಲ್ಡ್ ವಾಟರ್ ಹಾಕು. ಸಿಗದಿದ್ದರೆ ಮಳೆನೀರು ಹಿಡಿದು ಬಟ್ಟೆಯಲ್ಲಿ ಸೋಸಿ ಕ್ಯಾನಿನಲ್ಲಿಟ್ಟುಕೋ. ಆದರೆ ಬರೀ ನೀರು ಕಬ್ಬಿಣಕ್ಕೆ ತುಕ್ಕು ಹಿಡಿಸುತ್ತೆ. ಅದರ ಜೊತೆ ಕೂಲೆಂಟ್ ಬೆರೆಸು. ಈ ಊರಲ್ಲಿ ನೀರು ಹೆಪ್ಪುಗಟ್ಟುವುದಿಲ್ಲ, ಕೂಲೆಂಟ್ ಯಾಕೆ ಅಂತ ಕೇಳುವವರಿಗೆ ಉತ್ತರ ಅದೇ, ತುಕ್ಕು.

ಇನ್ನೊಂದು. ನಿನ್ನ ಗಾಡಿಯಲ್ಲಿ ಥರ್ಮೋಸ್ಟಾಟ್ ಇರಲಿಲ್ಲ, ಯಾವನೋ ಕಿತ್ತು ಬಿಸಾಡಿದ್ದಾನೆ. ಹೀಟ್ ಆದರೆ ಮೊದಲು ಅದನ್ನು ಕೀಳುವುದು ನಮ್ಮ ಕಸುಬಿನವರ ಕೆಟ್ಟ ಚಾಳಿ. ಇಂಜಿನ್ನಿಗೆ ತೀರಾ ತಂಪೂ ಆಗುವುದಿಲ್ಲ ಮಗಾ. ತಂಪಾಗಿ ಓಡುವ ಇಂಜಿನ್ನಿನಲ್ಲಿ ಡೀಸೆಲ್ ಪೂರ್ತಿ ಉರಿಯದೆ ಆಯಿಲ್ಲಿಗೆ ಇಳಿಯುತ್ತೆ, ಲೈನರ್ ಬೇಗ ಸವೆಯುತ್ತೆ. ಥರ್ಮೋಸ್ಟಾಟ್ ಕೆಟ್ಟಿದೆಯೋ ಇಲ್ಲವೋ ಅನ್ನುವುದನ್ನು ಒಲೆ ಮೇಲೆ ನೋಡು. ದಾರ ಕಟ್ಟಿ ನೀರಿನ ಪಾತ್ರೆಯಲ್ಲಿ ತೂಗುಬಿಟ್ಟು ಕಾಯಿಸು. ಅದರ ಮೇಲೆ 82 ಅಂತ ಬರೆದಿದ್ದರೆ 82 ಡಿಗ್ರಿ ಹತ್ತಿರ ಒಳಗಿನ ಮೇಣ ಹಿಗ್ಗಿ ಬಾಯಿ ತೆರೆಯಬೇಕು. ನೀರು ಕುದಿದರೂ ತೆರೆಯದಿದ್ದರೆ ಹೊಸದು ಹಾಕು.

ಮುಂದೆ ಯಾವತ್ತಾದರೂ ದಾರಿಯಲ್ಲಿ ಸೂಜಿ ಕೆಂಪಿಗೆ ಹೋದರೆ, ಹಾರ್ನ್ ಹೊಡೆಯುವವರಿಗೆ ಹೆದರಬೇಡ. ಪಕ್ಕಕ್ಕೆ ಹಾಕು, ಭಾರ ಬಿಡಿಸು. ಬೆಲ್ಟ್ ತಿರುಗುತ್ತಿದ್ದು, ನೀರು ಹೊರಗೆ ಚೆಲ್ಲಿಲ್ಲದಿದ್ದರೆ ಎರಡು ನಿಮಿಷ ಐಡಲಿಂಗಿನಲ್ಲಿ ಬಿಡು, ತಿರುಗುವ ನೀರೇ ಶಾಖ ಇಳಿಸುತ್ತೆ. ಬೆಲ್ಟ್ ಹರಿದಿದ್ದರೆ, ನೀರು ಹೋಗಿದ್ದರೆ ಆ ಕ್ಷಣವೇ ಆಫ್ ಮಾಡು. ಆಮೇಲೆ ಕಾಯಿ. ಆ ಅರ್ಧ ಮುಕ್ಕಾಲು ಗಂಟೆ ಕಾಯುವುದಕ್ಕೆ ಆಗದೆ ನಾನು ಒಬ್ಬರ ಬಿತ್ತನೆ ಕೆಡಿಸಿದೆ.

ನಾಳೆಯಿಂದ ಒಂದು ಕೆಲಸ ಮಾಡು. ಸೀಟಿನ ಕೆಳಗಿನ ಡಬ್ಬಿಯಲ್ಲಿ ಒಂದು ಸಣ್ಣ ನೋಟ್‌ಬುಕ್ಕೂ ಪೆನ್ಸಿಲ್ಲೂ ಇಡು. ಬೆಳಗ್ಗೆ ಸ್ಟಾರ್ಟ್ ಮಾಡುವ ಮೊದಲು, ಇಂಜಿನ್ ತಣ್ಣಗಿರುವಾಗ, ಕ್ಯಾಪ್ ತೆಗೆದು ಬೆರಳು ಇಳಿಸಿ ನೋಡು. ಎಷ್ಟು ಹಾಕಿದೆ ಅಂತ ತಾರೀಖಿನ ಎದುರು ಬರೆ. ಕಾಲು ಚೊಂಬು, ಅರ್ಧ ಚೊಂಬು, ಏನಿದ್ದರೆ ಅದು. ನಿನಗೆ ಮೊನ್ನೆ ಹಬೆ ಏಳುವವರೆಗೂ ತಿಳಿಯದ್ದನ್ನು ಆ ಪುಸ್ತಕ ಹದಿನೈದು ದಿನ ಮೊದಲೇ ಹೇಳುತ್ತೆ. ಕಾಲು ಚೊಂಬು ಅರ್ಧ ಆದ ದಿನ, ಸುರಿಯುವ ಮೊದಲು ನಿಂತು ಉಸ್ತಾದರ ಪ್ರಶ್ನೆ ಕೇಳು. ಉತ್ತರ ಸಿಗುವವರೆಗೆ ಗಾಡಿ ತೆಗೆಯಬೇಡ.

ನಿಮ್ಮ ತಾತ ಹೊಲಕ್ಕೆ ಹೊರಡುವ ಮೊದಲು ಆ ಬಾನೆಟ್ಟಿನ ಮೇಲೆ ಒಂದು ಸಲ ಅಂಗೈ ಇಡುತ್ತಿದ್ದ. ಎತ್ತಿನ ಬೆನ್ನು ಸವರಿದ ಹಾಗೆ. ಅವನಿಗೆ ಥರ್ಮೋಸೈಫನ್ ಅನ್ನುವ ಮಾತು ಗೊತ್ತಿರಲಿಲ್ಲ, ಆದರೆ ಆ ಗಾಡಿ ಅವನ ಕೈಯಲ್ಲಿ ಒಂದು ದಿನವೂ ಕುದಿಯಲಿಲ್ಲ. ಒಂದು ತಿಂಗಳು ಕಳೆದ ಮೇಲೆ ಆ ನೋಟ್‌ಬುಕ್ ತಂದು ನನಗೆ ತೋರಿಸು. ಪುಟ ಪೂರಾ "ಏನೂ ಹಾಕಲಿಲ್ಲ" ಅಂತ ಬರೆದಿದ್ದರೆ ನನಗಷ್ಟೇ ಸಾಕು.